ಒಗ್ಯಾಣದ ಖೋಲಿಯ ಗಂಟೆ

ಮಾರ್ಚ್ 10, 2025, ಸೋಮವಾರ
ಚಿಕ್ಕೋಡಿ

ಜನವರಿಯಲ್ಲಿ ನಿವೃತ್ತನಾದ ದಿನ ಡಿಪೋದವರು ಒಂದು ಶಾಲು, ಒಂದು ಗೋಡೆ ಗಡಿಯಾರ, ಈ ಡೈರಿ ಕೊಟ್ಟರು. ಶಾಲು ಟ್ರಂಕಿನಲ್ಲಿದೆ. ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ. ಡೈರಿಯಲ್ಲಿ ಏನು ಬರೆಯಬೇಕೆಂದು ಇಷ್ಟು ದಿನ ತಿಳಿದಿರಲಿಲ್ಲ. ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದವನಿಗೆ ಮಾತು ಕೇಳಲು ಯಾವಾಗಲೂ ಐವತ್ತು ಜನ ಇರುತ್ತಿದ್ದರು, ಬೇಡವೆಂದರೂ ಕೇಳಲೇಬೇಕಿತ್ತು. ಈಗ ಮನೆಯಲ್ಲಿ ಕೇಳುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಶನಿವಾರ ಹೆಂಡತಿ ತುಳಸವ್ವ ಹಿತ್ತಲ ಕಡೆಯ ಒಗ್ಯಾಣದ ಖೋಲಿಯಲ್ಲಿ ಬಟ್ಟೆ ಒಗೆಯುವಾಗ ಕಾಲು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು, "ಆರು ವಾರ ಹಿಂಗ ಇರ್ಲಿ. ಬಿಚ್ಚಿದ ಮ್ಯಾಲೂ ಕುಂತು ಏಳಾಗ ಈ ಕೈ ನೆಲಕ್ಕ ಊರಬ್ಯಾಡ್ರಿ" ಎಂದರು. ನಾನು ಪಕ್ಕದಲ್ಲಿ ನಿಂತು ಸಹಜವಾಗಿ ಒಂದು ಮಾತು ಅಂದೆ: "ನೋಡ್ಕೊಂಡ ಕಾಲಿಟ್ಟಿದ್ರ ಹಿಂಗ್ಯಾಕ ಆಗ್ತಿತ್ತು?" ಇದರಲ್ಲಿ ತಪ್ಪೇನಿದೆ? ಬಸ್ಸಿನಲ್ಲಿ ಬಿದ್ದವರಿಗೂ ನಾನು ಇದನ್ನೇ ಹೇಳುತ್ತಿದ್ದೆ.

ಇವಳನ್ನು ಮನೆಗೆ ಕರೆತಂದೆ. ಸಂಜೆ ತವರೂರು ಉಗಾರ ಬುದ್ರುಕದಿಂದ ಇವಳ ತಮ್ಮ ಲಖನ ತನ್ನ ಹಾಲಿನ ಟೆಂಪೋ ತಂದ. ಇವಳೇ ಫೋನ್ ಮಾಡಿಸಿದ್ದಳಂತೆ. ಹತ್ತಿ ಕುಳಿತ ಮೇಲೆ, ನನ್ನ ಕಡೆ ನೋಡದೆ, ಮುಂದಿನ ಗಾಜಿಗೆ ಹೇಳುವ ಹಾಗೆ ಹೇಳಿದಳು: "ಆ ಖೋಲ್ಯಾಗ ನೀರ್ ನಿಂದರ್ತೈತಿ, ಪಾಚಿ ಕಟ್ಟೈತಿ ಅಂತ ಹೇಳಾಕ ಹತ್ತಿ ಹನ್ನೊಂದು ವರ್ಷಾತು. ಅದು ನೆಟ್ಟಗ ಆಗೂತನಾ ನಾ ಈ ಮನಿ ಹೊಸ್ತಿಲಾ ತುಳಿಯಂಗಿಲ್ಲ."

ಲಖನ ಭಾವನಾದ ನನ್ನೆದುರು ಮುಖ ಸಣ್ಣದು ಮಾಡಿಕೊಂಡು, "ಕೈ ಕೂಡ್ಲಿ ದಾಜಿ, ಆಮ್ಯಾಲ ನೋಡೂಣಂತ" ಎಂದು ಗಾಡಿ ಬಿಟ್ಟ.

ನಾಲ್ಕು ದಿನದಲ್ಲಿ ಬರುತ್ತಾಳೆ. ನನ್ನನ್ನು ಬಿಟ್ಟು ಇರುವವಳಲ್ಲ.

ಮಾರ್ಚ್ 13, ಗುರುವಾರ

ಕಪಾಟಿನಲ್ಲಿ ಒಗೆದ ಅಂಗಿ ಮುಗಿದವು. ಅವು ಮುಗಿಯುತ್ತವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೈ ಹಾಕಿದಾಗೆಲ್ಲ ಒಂದು ಸಿಗುತ್ತಿತ್ತು.

ಮಗಳು ನೀಲಮ ನಿಪ್ಪಾಣಿಯ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸದಲ್ಲಿದ್ದಾಳೆ. ಬೆಳಿಗ್ಗೆ ಎಂಟರ ಗಾಡಿಗೆ ಹೋಗಿ ಸಂಜೆ ಬರುತ್ತಾಳೆ. ಅವಳಿಗೆ ಅಂಗಿ ತೋರಿಸಿದೆ. ಅವಳು ಚಪ್ಪಲಿ ಮೆಟ್ಟುತ್ತ, "ನನ್ನ ಅರಿವಿ ನಾ ಒಕ್ಕೋತೀನಿ ಅಪ್ಪಾ. ನಿಮ್ಮವು ನೀವ ಒಕ್ಕೋರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ತಾಯಿಯ ಪಕ್ಷ ಸೇರಿದ್ದಾಳೆ.

ಆಯಿತು, ಇದೇನು ಮಹಾ ವಿದ್ಯೆ ಎಂದು ಮೂರು ಅಂಗಿ, ಎರಡು ಪ್ಯಾಂಟು ತೆಗೆದುಕೊಂಡು ಒಗ್ಯಾಣದ ಖೋಲಿಗೆ ಹೋದೆ. ಕುಕ್ಕರುಗಾಲಿನಲ್ಲಿ ಕುಳಿತು ಕಲ್ಲಿಗೆ ಬಡಿಯತೊಡಗಿದೆ. ಐದು ನಿಮಿಷಕ್ಕೆ ಮೊಣಕಾಲು ನೋವು, ಹತ್ತು ನಿಮಿಷಕ್ಕೆ ಸೊಂಟ. ನಳ ಇರುವುದು ಗೋಡೆಯ ಬುಡದಲ್ಲಿ, ಅದರ ಕೆಳಗೆ ಬಕೆಟ್ಟು ಹಿಡಿಯುವುದಿಲ್ಲ. ತಂಬಿಗೆಯಿಂದ ತುಂಬಬೇಕು. ಹಿತ್ತಲ ಗೋಡೆಯಾಚೆಯಿಂದ ಪಕ್ಕದ ಮನೆಯ ಗೌರಾಬಾಯಿಯ ದನಿ ಬಂತು.

"ಮಾಯಪ್ಪಣ್ಣಾ, ಅಂಗಿ ಒಗ್ಯಾಕತ್ತಿಯೋ, ಹಾವು ಹೊಡ್ಯಾಕತ್ತಿಯೋ?"

ಅವಳಿಗೆ ಎಪ್ಪತ್ತು ದಾಟಿದೆ, ಬಾಯಿಗೆ ಮಾತ್ರ ಇನ್ನೂ ಇಪ್ಪತ್ತು. ಉತ್ತರ ಕೊಡಲೆಂದು ಎದ್ದವನು ಕಾಲು ಜಾರಿ ಗೋಡೆ ಹಿಡಿದೆ. ಹಿಡಿಯಲು ಅಲ್ಲಿ ಏನೂ ಇಲ್ಲ, ಒದ್ದೆ ಗೋಡೆ. ಹೇಗೋ ಬೀಳಲಿಲ್ಲ.

ಮಾರ್ಚ್ 14, ಶುಕ್ರವಾರ

ಸೊಂಟ ಹಿಡಿದಿದೆ. ಅಂಗಿಯ ಕಾಲರ್ ಹಾಗೇ ಕಪ್ಪಾಗಿದೆ. ಬರೆಯಲು ಮನಸ್ಸಿಲ್ಲ.

ಮಾರ್ಚ್ 19, ಬುಧವಾರ

ಹನ್ನೊಂದು ದಿನವಾಯಿತು. ಲಖನನಿಗೆ ಫೋನ್ ಮಾಡಿದೆ. "ಅಕ್ಕಗ ಕೊಡ್ತೀನಿ ತಡೀರಿ" ಎಂದು ಹೋದವನು ತಿರುಗಿ ಬಂದು, "ಆಕಿ ಕೈ ಖಾಲಿ ಇಲ್ಲಂತ್ರಿ ದಾಜಿ" ಎಂದ. ಒಂದು ಕೈ ಪ್ಲಾಸ್ಟರಿನಲ್ಲಿದೆ, ಇನ್ನೊಂದರಲ್ಲಿ ಏನು ಹಿಡಿದಿದ್ದಳೋ.

ಆಮೇಲೆ ದನಿ ತಗ್ಗಿಸಿ ಹೇಳಿದ: "ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅಕ್ಕಾ ಇಲ್ಲೇ ಇರೂ ಮನಸ ಮಾಡ್ಯಾಳ. ಹೊಳಿ ಕಡೀಗಿನ ಖೋಲಿ ಖಾಲಿ ಮಾಡಿಸ್ಕೊಂಡಾಳ. ಬುದ್ಧ ಪೌರ್ಣಿಮಾಕ್ಕ ಚಿಕ್ಕೋಡಿಗೆ ಬರ್ತಾಳ, ವಿಹಾರದಾಗ ವಂದನಾ ಹೇಳಾವ್ರು ಬ್ಯಾರೆ ಯಾರೂ ಇಲ್ಲ ಅಂತ. ಮುಗದ ಮ್ಯಾಲೆ ಹಂಗ ವಾಪಸ್."

ಫೋನ್ ಇಟ್ಟ ಮೇಲೆ ಏನೂ ತೋಚಲಿಲ್ಲ. ಹೋಗಿ ಒಗ್ಯಾಣದ ಖೋಲಿಯ ಬಾಗಿಲಲ್ಲಿ ನಿಂತೆ. ಈ ಮನೆ ಕಟ್ಟಿಸಿ ಇಪ್ಪತ್ತು ವರ್ಷ. ಆ ಖೋಲಿಯನ್ನು ನಾನು ನಿಂತು ನೋಡಿದ್ದು ಇದೇ ಮೊದಲು. ಎಂಟು ಅಡಿ ಉದ್ದ, ಆರು ಅಡಿ ಅಗಲ. ಮೇಲೆ ತಗಡಿನ ಪತ್ರಾ, ಕಿಟಕಿಯಿಲ್ಲ. ನಡುಹಗಲಿನಲ್ಲೂ ಕಲ್ಲಿನ ಮೇಲಿರುವ ಬಟ್ಟೆಯ ಬಣ್ಣ ಕಾಣುವುದಿಲ್ಲ. ನೆಲದ ಇಳಿಜಾರು ಮೋರಿಯ ಕಡೆ ಇರಬೇಕಾದ್ದು ಬಾಗಿಲ ಕಡೆ ಇದೆ. ಗೌಂಡಿಯನ್ನು ನಿಲ್ಲಿಸಿ ಮಾಡಿಸಿದವನು ನಾನೇ. ಆಗ ಡ್ಯೂಟಿಗೆ ಹೊತ್ತಾಗಿತ್ತು, ಹೂಂ ಮಾಡು ಎಂದು ಹೋಗಿದ್ದೆ.

ಮೇ 12ಕ್ಕೆ ಪೌರ್ಣಿಮೆ. ಅಷ್ಟರೊಳಗೆ ಈ ಖೋಲಿ ಸರಿ ಮಾಡುತ್ತೇನೆ. ಇವಳು ಅಂದದ್ದಕ್ಕಲ್ಲ. ನನ್ನ ಸೊಂಟಕ್ಕಾಗಿ.

ನಿವೃತ್ತಿಯ ಹಣ ಇನ್ನೂ ಕೈಗೆ ಬಂದಿಲ್ಲ. ಗೌಂಡಿ ಕರೆಸುವಂತಿಲ್ಲ. ಇದ್ದುದರಲ್ಲಿ, ನನ್ನ ಕೈಯಲ್ಲೇ ಆಗಬೇಕು.

ಮಾರ್ಚ್ 23, ಭಾನುವಾರ

ಇಂದು ಖೋಲಿ ಖಾಲಿ ಮಾಡಿದೆ. ಒಡೆದ ಬುಟ್ಟಿ, ಸವೆದ ಬ್ರಶ್ಶು, ಒಂದು ತೆಂಗಿನ ಚಿಪ್ಪು. ಚಿಪ್ಪಿನಲ್ಲಿ ಮೂರು ತೂತು ಕೊರೆದು ಸೋಪಿನ ಚೂರುಗಳನ್ನಿಟ್ಟಿದ್ದಾಳೆ, ನೀರು ಸೋರಿ ಹೋಗಲಿ ಎಂದು. ಅಂಗಡಿಯ ಸೋಪಿನ ಡಬ್ಬಿಗೂ ಈ ಬುದ್ಧಿ ಇರುವುದಿಲ್ಲ. ಕಲ್ಲಿನ ಎಡಗಡೆ ಒಂದು ತಗ್ಗು ಬಿದ್ದಿದೆ. ಕೈಯಿಟ್ಟು ನೋಡಿದೆ, ಅಂಗೈ ಸರಿಯಾಗಿ ಕೂರುತ್ತದೆ. ನನ್ನದಲ್ಲ, ನನ್ನದಕ್ಕಿಂತ ಸಣ್ಣ ಅಂಗೈ.

ಬಾಗಿಲ ಮೇಲಿನ ಸಂದಿಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ದುಡ್ಡು ಬಚ್ಚಿಟ್ಟಿದ್ದಾಳೆ ಎಂದುಕೊಂಡು ತೆರೆದೆ. ಗುಂಡಿಗಳು. ಎಲ್ಲವೂ ಖಾಕಿ ಅಂಗಿಯ ಗುಂಡಿಗಳು, ಅರ್ಧ ಡಬ್ಬಿ. ಒಂದು ಸೂಜಿ, ಅದರಲ್ಲಿ ಖಾಕಿ ದಾರ ಪೋಣಿಸಿದ್ದು ಹಾಗೇ ಇದೆ.

ನಾನು ಮೂವತ್ತೆರಡು ವರ್ಷ ಡಿಪೋದಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ, ಮಾಯಪ್ಪನ ಯೂನಿಫಾರ್ಮಿನಲ್ಲಿ ಒಂದು ದಿನವೂ ಗುಂಡಿ ಕಿತ್ತಿಲ್ಲ ಎಂದು. ನನ್ನ ನಡತೆಯೇ ಹಾಗೆ ಎಂದು ತಿಳಿದಿದ್ದೆ. ಗುಂಡಿಗಳು ಎಲ್ಲರವೂ ಕೀಳುತ್ತವೆ. ನನ್ನವನ್ನು ಒಬ್ಬಳು ಈ ಕತ್ತಲ ಖೋಲಿಯಲ್ಲಿ ಕುಳಿತು, ಒಗೆಯುವ ಮೊದಲೇ ಒಂದೊಂದನ್ನೂ ಎಳೆದು ನೋಡಿ, ಸಡಿಲಾದದ್ದನ್ನು ಹೊಲಿದು ಕೊಡುತ್ತಿದ್ದಳು.

ಡಬ್ಬಿಯನ್ನು ಒರೆಸಿ ಒಳಗಿಟ್ಟೆ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ. ನೀಲಮ ಹೋಳಿಗೆ ಮಾಡಿದಳು. ಉಗಾರಕ್ಕೂ ಡಬ್ಬಿ ಕಟ್ಟಿ ಬಸ್ಸಿನಲ್ಲಿ ಕಳಿಸಿದೆವು.

ನೆಲದ ಕೆಲಸ ಮುಗಿಯಿತು. ಹಳೆಯ ಸಿಮೆಂಟನ್ನು ಚಾಣ, ಸುತ್ತಿಗೆಯಿಂದ ಎಬ್ಬಿಸಲು ನಾಲ್ಕು ದಿನ ಹಿಡಿಯಿತು. ಮನೆ ಕಟ್ಟುವಾಗ ಉಳಿದಿದ್ದ ಶಹಾಬಾದಿ ಫರಸಿ ಕಲ್ಲಿನ ತುಂಡುಗಳು ಹಿತ್ತಲಲ್ಲಿ ಬಿದ್ದಿದ್ದವು. ನಯವಾದ ಮೈ ಮೇಲೆ ಮಾಡಿ ಚಂದ ಕಾಣಲೆಂದು ಎರಡು ಸಾಲು ಹಾಕಿಯೂಬಿಟ್ಟೆ. ಗೌರಾಬಾಯಿ ಗೋಡೆ ಮೇಲಿಂದ ಇಣುಕಿ, "ತುಳಸವ್ವಗ ಇನ್ನೊಂದ ಕೈ ಐತಿ, ಅದನ್ನೂ ಮುರಸಾವ್ನೇನು?" ಎಂದಳು. ಎರಡೂ ಸಾಲು ಕಿತ್ತು ಒರಟು ಮೈ ಮೇಲೆ ಮಾಡಿ ಹಾಕಿದೆ.

ಇಳಿಜಾರು ನೋಡಲು ಒಂದು ತಂಬಿಗೆ ನೀರು ಸುರಿದೆ. ನೀರು ಒಂದು ಕ್ಷಣ ಯೋಚನೆ ಮಾಡಿ ಮೋರಿಯ ಕಡೆ ಹೊರಟಿತು. ಇನ್ನೊಂದು ತಂಬಿಗೆ ಸುರಿದೆ. ಮತ್ತೆ ಮೋರಿಗೇ ಹೋಯಿತು. ನೀಲಮ ಲ್ಯಾಬಿನಿಂದ ಬಂದಾಗಲೂ ನಾನು ಸುರಿಯುತ್ತಲೇ ಇದ್ದೆನಂತೆ. "ಅಪ್ಪಾ, ಇನ್ನ ನೀರ್ ಬರೂದು ಗುರುವಾರ" ಎಂದು ತಂಬಿಗೆ ಕಸಿದುಕೊಂಡಳು. ನಗುತ್ತಿದ್ದಳು.

ಏಪ್ರಿಲ್ 6, ಭಾನುವಾರ

ನಿಪ್ಪಾಣಿಗೆ ಹೋಗಿದ್ದೆ. ಅಲ್ಲಿ ಸುರಜನ ಗುಜರಿ ಅಂಗಡಿಯಿದೆ. ಓಡಿ ಓಡಿ ಸಾಕಾದ ಬಸ್ಸುಗಳನ್ನು ಹರಾಜಿನಲ್ಲಿ ಹಿಡಿದು ಬಿಚ್ಚಿ ಮಾರುತ್ತಾನೆ. ಹಿಡಿದುಕೊಳ್ಳಲು ಒಂದು ಗಟ್ಟಿ ಪೈಪು ಬೇಕು ಎಂದೆ. ಅವನು ಒಂದು ಮೂಲೆ ತೋರಿಸಿದ. ಬಸ್ಸಿನೊಳಗೆ ನಿಂತವರು ಹಿಡಿಯುವ ಪೈಪುಗಳು. ಎಷ್ಟು ಸಾವಿರ ಕೈ ಹಿಡಿದಿದ್ದವೋ, ನುಣ್ಣಗೆ ಮಿರಿಮಿರಿ ಮಿನುಗುತ್ತಿದ್ದವು. ಒಂದನ್ನು ಎರಡೂ ಕೈಯಿಂದ ಜಗ್ಗಿ ನೋಡಿ ಆರಿಸಿಕೊಂಡೆ. ಸೀಟಿನ ಮೇಲೆ ಚೀಲ ಇಡುವ ಒಂದು ಕ್ಯಾರಿಯರ್ ಕೂಡ ತೆಗೆದುಕೊಂಡೆ. ಸೋಪು, ನೀಲಿ, ಬ್ರಶ್ಶು ಇಡಲು ಅದಕ್ಕಿಂತ ಒಳ್ಳೆಯ ಹಲಗೆ ಎಲ್ಲಿ ಸಿಗುತ್ತದೆ? ಅದರಲ್ಲಿ ನೀರು ನಿಲ್ಲುವುದಿಲ್ಲ, ತುಕ್ಕು ಹಿಡಿಯುವುದಿಲ್ಲ.

ಹೊರಡುವಾಗ ಒಂದು ಬುಟ್ಟಿಯಲ್ಲಿ ಗಂಟೆ ಕಂಡಿತು. ಡ್ರೈವರನ ತಲೆಯ ಮೇಲಿರುವ ಗಂಟೆ, ಹಗ್ಗದ ತುಂಡಿನ ಸಮೇತ. ನಾನು ಹಗ್ಗ ಎಳೆದೆ. ಠಣ್.

ಸುರಜ, "ಅದೂ ಒಯ್ರಿ ಕಂಡಕ್ಟರ್ ಮಾಸ್ತರ, ನಿಮ್ಮದ ಅದು" ಎಂದು ಸುಮ್ಮನೆ ಕೊಟ್ಟ.

ಯಾಕೆ ತಂದೆನೋ ತಿಳಿಯದು. ಒಗ್ಯಾಣದ ಖೋಲಿಗೆ ಗಂಟೆ ಯಾಕೆ? ಆದರೆ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಅವತ್ತು ಇವಳು ಬಿದ್ದಾಗ ನಾನು ಪಡಸಾಲೆಯಲ್ಲಿ ಟಿವಿ ನೋಡುತ್ತಿದ್ದೆ. ಕೂಗಿದ್ದು ಕೇಳಿಸಿರಲಿಲ್ಲ. ಗೌರಾಬಾಯಿ ಓಡಿ ಬಂದು ಹೇಳಿದ ಮೇಲೆಯೇ ಗೊತ್ತಾದದ್ದು. ಇದನ್ನು ಮೊದಲ ದಿನ ಡೈರಿಯಲ್ಲಿ ಬರೆಯಲಿಲ್ಲ ನಾನು.

ಏಪ್ರಿಲ್ 11, ಶುಕ್ರವಾರ

ಇಂದು ಮರ್ಯಾದೆ ಹೋಯಿತು.

ಡಾಕ್ಟರು ಕೈ ಊರಬೇಡ ಎಂದಿದ್ದಾರೆ. ಹಾಗಾದರೆ ಕೂತು ಒಗೆಯುವುದೇ ಬೇಡ, ನಿಂತು ಒಗೆಯುವ ಹಾಗೆ ಕಲ್ಲನ್ನು ಇಟ್ಟಿಗೆಯ ಕಟ್ಟೆಯ ಮೇಲೆ ಏರಿಸೋಣ ಎಂದು ಹೊಳೆದಿತ್ತು. ಮೂರು ದಿನ ಕೂತು ಕಟ್ಟೆ ಕಟ್ಟಿದೆ. ಓಣಿಯ ಇಬ್ಬರನ್ನು ಕರೆದು ಕಲ್ಲು ಎತ್ತಿಸಿ ಮೇಲಿಟ್ಟೆ. ನಿಂತು ಒಂದು ಟವಲ್ ಒಗೆದೆ. ಸೊಂಟಕ್ಕೆ ಎಷ್ಟು ಆರಾಮ! ಗೌರಾಬಾಯಿಯನ್ನು ಹೆಮ್ಮೆಯಿಂದ ಕರೆದು ತೋರಿಸಿದೆ.

ಅವಳು ಕಟ್ಟೆಯ ಹತ್ತಿರ ಹೋಗಿ ನಿಂತಳು. ಕಲ್ಲು ಅವಳ ಎದೆಗೆ ಬಂತು.

"ಯಾರಿಗ್ ಕಟ್ಟೀಯೋ ಯಪ್ಪಾ ಇದನ್ನ? ನಿನಗೋ, ನಿನ್ನ ಹೇಣ್ತಿಗೋ? ತುಳಸವ್ವ ನನಗಿಂತ ಗಿಡ್ಡ ಅದಾಳ. ಏಣಿ ಹತ್ತಿ ಒಗೀಬೇಕೇನ್ ಆಕಿ?"

ಬಸ್ಸಿನ ಬಾಗಿಲ ಪಕ್ಕ ಮಕ್ಕಳ ಎತ್ತರದ ಗೆರೆ ಇರುತ್ತದೆ, ಅರ್ಧ ಟಿಕೀಟು ಯಾರಿಗೆ, ಪೂರ್ತಿ ಯಾರಿಗೆ ಎಂದು ತೀರ್ಮಾನಿಸಲು. ನಾನು ಆ ಗೆರೆ ನೋಡಿದವನೇ ಅಲ್ಲ. ದೂರದಿಂದ ಮಗುವಿನ ತಲೆ ಕಂಡರೆ ಸಾಕು, ಇದಕ್ಕೆ ಅರ್ಧ, ಇದಕ್ಕೆ ಪೂರ್ತಿ ಎಂದು ಹೇಳಿಬಿಡುತ್ತಿದ್ದೆ. ಒಮ್ಮೆಯೂ ತಪ್ಪಿಲ್ಲ. ಅಂಥವನಿಗೆ ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಯ ಎತ್ತರ ಗೊತ್ತಿಲ್ಲ.

"ಎಷ್ಟ್ ಎತ್ತರ ಇರಬೇಕು?" ಎಂದು ಕೇಳಿದೆ.

"ಮೊಣಕೈಗಿಂತ ಗೇಣು ಕೆಳಗ. ಹಂಗಿದ್ರ ಭುಜಕ್ಕ ಬೀಳಂಗಿಲ್ಲ" ಎಂದಳು. ಈ ಸಲ ನಗಲಿಲ್ಲ.

ಏಪ್ರಿಲ್ 12, ಶನಿವಾರ

ನೀಲಮನನ್ನು ಕೇಳಿದೆ. ಅವಳು ತನ್ನ ಭುಜ ತೋರಿಸಿ "ಇಲ್ಲೀತನಾ ಬರ್ತಾಳ ಅವ್ವ" ಎಂದಳು. ಮೊಣಕೈ ಲೆಕ್ಕ ಅವಳಿಗೂ ಗೊತ್ತಿಲ್ಲ.

ಲಖನನಿಗೆ ಫೋನ್ ಮಾಡಿ, "ನಿಮ್ಮಕ್ಕ ನಿಂತಾಗ ನೆಲದಿಂದ ಮೊಣಕೈತನಾ ಎಷ್ಟಾಕ್ಕೈತಿ ಅಳದ್ ಹೇಳು. ಆಕೀಗೆ ಗೊತ್ತಾಗಬಾರ್ದು" ಎಂದೆ.

"ಗೊತ್ತಾಗದಂಗ ಹೆಂಗ ಅಳೀಲಿ ದಾಜಿ? ಮನ್ಯಾಗ ಟೇಪೂ ಇಲ್ಲ."

"ಏನಾರ ಮಾಡೋ. ಪೌರ್ಣಿಮಾ ಹತ್ತಿರ ಬಂತು."

"ನೋಡ್ತೀನ್ರಿ" ಎಂದ.

ಏಪ್ರಿಲ್ 16, ಬುಧವಾರ

ಸೋಮವಾರ ಬಾಬಾಸಾಹೇಬರ ಜಯಂತಿ. ಮೆರವಣಿಗೆಯಲ್ಲಿ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ: "ಜೈ ಭೀಮ, ತುಳಸಕ್ಕ ಎಲ್ಲಿ?" ಕೈ ನೋವು ಎಂದೆ. ಅರ್ಧ ಸತ್ಯ.

ಇಂದು ಬಸ್ ಸ್ಟ್ಯಾಂಡಿನಿಂದ ಫೋನು. ಕಾಗವಾಡದ ಗಾಡಿಯಲ್ಲಿ ನನಗೆ ಪಾರ್ಸೆಲ್ ಬಂದಿದೆ ಎಂದು. ಹೋದರೆ ಕಂಡಕ್ಟರ್ ಒಂದು ಕಬ್ಬಿನ ತುಂಡು ಕೈಗಿಟ್ಟ. ಎರಡೂ ತುದಿ ನೇರವಾಗಿ ಕೊಯ್ದದ್ದು. "ಏನ್ರಿ ಮಾಸ್ತರ, ಉಗಾರದಿಂದ ಒಂದ ಕಬ್ಬು? ಅರ್ಧ ಹಾದಿಗೆ ತಿಂದ ಬಿಡ್ತಿದ್ನಿ ನೋಡ್ರಿ. ನಿಮ್ಮ ಹೇಣ್ತಿ ತಮ್ಮ ಗದ್ದಲಾ ಮಾಡಿ ಕೊಟ್ಟಾನ, ಚೂರು ಮುರಿದ್ರೂ ಬಿಡಂಗಿಲ್ಲ ಅಂತ."

ಲಖನ ಜಾಣ. ಟೇಪಿಲ್ಲದಿದ್ದರೇನು, ಹೊಲದಲ್ಲಿ ಕಬ್ಬಿದೆ. ಅಕ್ಕನ ಮೊಣಕೈಯಷ್ಟು ಎತ್ತರಕ್ಕೆ ಕೊಯ್ದು ಕಳಿಸಿದ್ದಾನೆ. ಅಷ್ಟೇ ಅಲ್ಲ, ಮೇಲಿನ ತುದಿಯಿಂದ ಗೇಣು ಕೆಳಗೆ ಹಸಿರು ಸೀರೆಯ ಒಂದು ಚಿಂದಿ ಬಿಗಿಯಾಗಿ ಕಟ್ಟಿದೆ. ಕಲ್ಲು ಇಲ್ಲಿಗೆ ಬರಬೇಕು ಎಂದು. ಇನ್ನೂ ಕೆಳಗೆ, ಬಕೆಟ್ಟಿನ ಎತ್ತರಕ್ಕಿಂತ ತುಸು ಮೇಲೆ, ಮತ್ತೊಂದು ಚಿಂದಿ. ಬಹಳ ಹೊತ್ತು ನೋಡಿದ ಮೇಲೆ ತಿಳಿಯಿತು, ಅದು ನಳದ ಗುರುತು. ನಳದ ಮಾತನ್ನು ನಾನು ಲಖನನಿಗೆ ಹೇಳಿರಲೇ ಇಲ್ಲ. ಹಾಲಿನ ದಂಧೆಯವನಿಗೆ ಒಗ್ಯಾಣದ ಇಷ್ಟೊಂದು ಸೂಕ್ಷ್ಮ ಹೇಗೆ ತಿಳಿಯಿತೋ! ಮೆಚ್ಚಬೇಕು ಅವನನ್ನು.

ನೀಲಮನಿಗೆ ತೋರಿಸಿದೆ. ಅವಳು ಚಿಂದಿಯನ್ನು ಮುಟ್ಟಿ, ಗಂಟನ್ನು ತಿರುವಿ ನೋಡಿ, "ಹೌದಪ್ಪಾ, ಲಖನ ಮಾಮಾ ಭಾರಿ ಶ್ಯಾಣ್ಯಾ" ಎಂದು ಒಳಗೆ ಹೋದಳು. ಒಳಗೆ ಹೋಗಿ ಒಬ್ಬಳೇ ನಗುತ್ತಿದ್ದಳು.

ಏಪ್ರಿಲ್ 24, ಗುರುವಾರ

ಕಟ್ಟೆಯನ್ನು ಒಡೆದು ಕಬ್ಬಿನ ಅಳತೆಗೆ ಮತ್ತೆ ಕಟ್ಟಿದೆ. ನಳವನ್ನು ಎರಡನೇ ಚಿಂದಿಯ ಮಟ್ಟಕ್ಕೆ ಏರಿಸಿದೆ. ಈಗ ಬಕೆಟ್ಟು ತಾನೇ ತುಂಬುತ್ತದೆ, ತಂಬಿಗೆಯ ಕಾಟವಿಲ್ಲ. ಇಷ್ಟು ಸಣ್ಣ ಕೆಲಸ. ಒಂದು ಮೊಳ ಪೈಪು, ಒಂದು ಎಲ್ಬೋ, ಅರ್ಧ ದಿನ. ಇವಳು ಇಪ್ಪತ್ತು ವರ್ಷ ತಂಬಿಗೆಯಿಂದ ತುಂಬಿದಳು.

ಮೇಲಿನ ಒಂದು ಪತ್ರಾ ತೆಗೆದು ಬೆಳಕು ಬೀಳುವ ಫೈಬರ್ ಪತ್ರಾ ಹಾಕಿದೆ. ಗೋಡೆಗೆ ಸುಣ್ಣ. ನೀಲಮ ಸುಣ್ಣದಲ್ಲಿ ಬಟ್ಟೆಗೆ ಹಾಕುವ ನೀಲಿಯನ್ನೇ ಒಂದು ಚಮಚ ಕದಡಿದಳು. ಬಣ್ಣದ ಡಬ್ಬಿ ತರಬೇಕಾಗಲಿಲ್ಲ. ಒಣಗಿದ ಮೇಲೆ ಬೆಳಗಿನ ಆಕಾಶದ ಬಣ್ಣ ಬಂತು. ಮಧ್ಯಾಹ್ನ ಅಲ್ಲಿ ನಿಂತು ನನ್ನ ಕೈ ನೋಡಿಕೊಂಡೆ, ಬೆರಳ ಗೆರೆ ಸಹಿತ ಕಾಣುತ್ತದೆ.

ಒಗೆಯುವುದು ಈಗ ನನಗೆ ಬರುತ್ತದೆ. ಬಡಿಯಬಾರದು. ನೆನೆಸಿ, ಕಾಲರಿಗೆ ಸೋಪು ಹಚ್ಚಿ, ಪಾತ್ರೆ ತೊಳೆಯುವಷ್ಟು ಹೊತ್ತು ಬಿಟ್ಟು, ಆಮೇಲೆ ಅಂಗೈಯಿಂದ ತಿಕ್ಕಬೇಕು. ಗೌರಾಬಾಯಿ ಹೇಳಿಕೊಟ್ಟಳು. ಅವಳಿಗೆ ಕಲಿಸಿದ್ದು ಯಾರು ಎಂದರೆ ತುಳಸವ್ವ. ಅರ್ಧ ಓಣಿಗೆ ಇವಳೇ ಕಲಿಸಿದ್ದಂತೆ. ಒಂದು ಖಾಕಿ ಜೊತೆ ಒಗೆಯಲು ನನಗೆ ಮುಕ್ಕಾಲು ಗಂಟೆ ಬೇಕು. ಇವಳು ಅಡುಗೆ ಮುಗಿಸಿ, ನೀಲಮನ ಜಡೆ ಹಾಕಿ, ನಡುವೆ ಇದನ್ನು ಮಾಡಿಬಿಡುತ್ತಿದ್ದಳು. ಮರುದಿನ ಬೆಳಿಗ್ಗೆ ನಾನು ಕೈ ಹಾಕಿದಾಗ ಅಂಗಿ ಇರುತ್ತಿತ್ತು. ನಮ್ಮ ಡಿಪೋದಲ್ಲಿ ಹೊತ್ತಿಗೆ ಇಷ್ಟು ಸರಿಯಾಗಿ ಒಂದು ಗಾಡಿಯೂ ಹೊರಟಿದ್ದು ನಾನು ಕಂಡಿಲ್ಲ.

ಮೇ 4, ಭಾನುವಾರ

ಬಸ್ಸಿನ ಪೈಪನ್ನು ಬಾಗಿಲಿಂದ ಕಟ್ಟೆಯ ತನಕ ಗೋಡೆಗೆ ಕೂರಿಸಿದೆ. ಕ್ಯಾರಿಯರ್ ಮೇಲೆ ತೆಂಗಿನ ಚಿಪ್ಪನ್ನೇ ಇಟ್ಟೆ, ಹೊಸ ಸೋಪಿನ ಡಬ್ಬಿ ತರಲಿಲ್ಲ. ಗುಂಡಿಯ ಡಬ್ಬಿಯನ್ನೂ ಅಲ್ಲೇ ಇಟ್ಟೆ. ಗಂಟೆಯನ್ನು ಪಡಸಾಲೆಯ ಗೋಡೆಗೆ ಹೊಡೆದು, ಹಗ್ಗವನ್ನು ಒಗ್ಯಾಣದ ಖೋಲಿಗೆ ಎಳೆದಿದ್ದೇನೆ. ಕಾಲು ಜಾರಿದರೆ ಎಳೆದರೆ ಸಾಕು, ನಾನು ಎಲ್ಲಿದ್ದರೂ ಕೇಳುತ್ತದೆ.

ನೀಲಮ ಹಗ್ಗ ಎಳೆದು ಎಳೆದು ನೋಡುತ್ತಿದ್ದಳು. ನಾನು ಹೇಳಿಕೊಟ್ಟೆ: "ಸಿಂಗಲ್ ಬೆಲ್ ಅಂದ್ರ ನಿಲ್ಲಸು, ಇಳಿಯಾವ್ರು ಅದಾರ. ಡಬಲ್ ಬೆಲ್ ಅಂದ್ರ ಹೊಂಡು."

"ಅವ್ವಗ ಗೊತ್ತೈತೇನು ಇದು?"

ಅವಳು ಕೇಳಿದ ಮೇಲೆ ಒಂದು ಹಳೆಯ ಸಂಗತಿ ನೆನಪಾಯಿತು. ಮದುವೆಯಾದ ವರ್ಷ, ಇವಳು ತವರಿಗೆ ಹೊರಟಿದ್ದಳು, ನನ್ನದೇ ಡ್ಯೂಟಿಯ ಗಾಡಿಯಲ್ಲಿ. ಗದ್ದಲದಲ್ಲಿ ನಾನು ಹಿಂದಿನ ಬಾಗಿಲ ಹತ್ತಿರ ಟಿಕೀಟು ಹರಿಯುತ್ತಿದ್ದೆ, ಗಾಡಿ ಉಗಾರದ ಕಡೆ ತಿರುಗುವ ಫಾಟಾ ದಾಟುವುದರಲ್ಲಿತ್ತು. ಇವಳು ಎದ್ದು ತಾನೇ ಹಗ್ಗ ಎಳೆದಳು. ಠಣ್. ಗಾಡಿ ನಿಂತಿತು. ನಾನು ಇಡೀ ಬಸ್ಸಿಗೆ ಕೇಳುವ ಹಾಗೆ ಬೈದೆ: "ಬೆಲ್ ಹೊಡ್ಯಾಕ ಕಂಡಕ್ಟರ್ ನಾ ಅದೀನಿ. ನಿನಗ್ಯಾರ್ ಹೇಳಿದ್ರು?" ಜನ ನಕ್ಕರು. ಇವಳು ತಲೆ ತಗ್ಗಿಸಿ ಇಳಿದು ಹೋದಳು. ಹೊಸ ಸೀರೆ ಉಟ್ಟಿದ್ದಳು. ಬಣ್ಣ ಮಾತ್ರ ನೆನಪಾಗುತ್ತಿಲ್ಲ.

ಆಮೇಲೆ ನನ್ನ ಗಾಡಿಯಲ್ಲಿ ಎಷ್ಟು ಸಲ ಬಂದಿದ್ದಾಳೆ. ಹಗ್ಗ ಮುಟ್ಟಲಿಲ್ಲ. ನಾನು ನೋಡುವ ತನಕ ಸುಮ್ಮನೆ ಎದ್ದು ನಿಂತಿರುತ್ತಿದ್ದಳು.

ನೀಲಮನಿಗೆ "ಗೊತ್ತೈತಿ" ಎಂದಷ್ಟೇ ಹೇಳಿದೆ.

ಮೇ 11, ಭಾನುವಾರ

ನಾಳೆ ಪೌರ್ಣಿಮೆ. ವಿಹಾರದಲ್ಲಿ ಬುದ್ಧಮೂರ್ತಿಯ ಪೀಠಕ್ಕೆ ಹಾಸುವ ಬಿಳಿ ಬಟ್ಟೆಯನ್ನು ಪ್ರತಿ ವರ್ಷ ಇವಳೇ ಒಗೆದು ಕೊಡುತ್ತಿದ್ದಳು. ಈ ಸಲ ಯಾರು ಎಂದು ಕೇಳಿದರು. ನಾನು ತೆಗೆದುಕೊಂಡು ಬಂದೆ.

ಮೂರು ಸಲ ಜಾಲಿಸಿದೆ. ನೀಲಿ ಹಾಕುವಾಗ ಅಂದಾಜು ತಪ್ಪಿ ತುಸು ಹೆಚ್ಚೇ ಬಿತ್ತು. ಒಣಗಿದ ಮೇಲೆ ಬಿಸಿಲಿಗೆ ಹಿಡಿದು ನೋಡಿದೆ. ಇವಳು ಒಗೆದ ಹಾಗೆ ಆಗಿಲ್ಲ. ಇವಳದು ಮಲ್ಲಿಗೆಯ ಬಿಳುಪು.

ಖೋಲಿ ಮುಗಿದಿದೆ. ಮಾಡಲು ಇನ್ನೇನೂ ಉಳಿದಿಲ್ಲ, ಆದರೂ ಇಂದು ಎರಡು ಸಲ ನೆಲ ತೊಳೆದೆ. ಭಯವಾಗುತ್ತಿದೆ. ಬರೆದಾಗ ವಿಚಿತ್ರ ಅನಿಸುತ್ತದೆ, ಆದರೆ ಭಯವೇ. ನಾಳೆ ನೋಡಿ, "ಚಂದ ಆಗೈತಿ" ಎಂದು ಹೇಳಿ, ಟೆಂಪೋ ಹತ್ತಿ ಹೋಗಿಬಿಟ್ಟರೆ?

ಮೇ 12, ಸೋಮವಾರ

ಬಂದಳು. ಬಿಳಿ ಸೀರೆ. ಪ್ಲಾಸ್ಟರ್ ಬಿಚ್ಚಿದ ಕೈ ತೆಳ್ಳಗಾಗಿದೆ. ವಿಹಾರದಲ್ಲಿ ಹೆಂಗಸರ ಮುಂದೆ ಕುರ್ಚಿಯಲ್ಲಿ ಕುಳಿತು ವಂದನೆ ಹೇಳಿದಳು, ದನಿ ಹಾಗೇ ಇದೆ. ನಾನು ಹಿಂದೆ ಕಂಬದ ಹತ್ತಿರ ನಿಂತಿದ್ದೆ. ಕೊನೆಗೆ ಎದ್ದು ಪೀಠದ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಹೊರಗೆ ಬರುವಾಗ ನನ್ನ ಪಕ್ಕ ನಿಂತಳು. ಎರಡು ತಿಂಗಳ ಮೇಲೆ ಆಡಿದ ಮೊದಲ ಮಾತು:

"ನೀಲಿ ಹೆಚ್ಚಾಗೈತಿ."

"ಹೌದು" ಎಂದೆ.

ಲಖನ ಟೆಂಪೋವನ್ನು ನಮ್ಮ ಓಣಿಗೇ ತಂದು ನಿಲ್ಲಿಸಿದ. "ನೀಲಮ ಕರದಾಳ, ಒಂದ ಗ್ಲಾಸ್ ಸರಬತ್ತಾ ಕುಡದು ಹೊಂಟ ಬಿಡೂಣಕ್ಕಾ" ಎಂದ. ಇವಳ ಬಟ್ಟೆಯ ಚೀಲ ಟೆಂಪೋದಲ್ಲೇ ಇತ್ತು, ಕಂಡೆ. ಇವಳು ಮನೆಯ ಮುಂಬಾಗಿಲಿಗೆ ಬರಲಿಲ್ಲ. ಆಡಿದ ಮಾತಿಗೆ ತಪ್ಪದವಳು. ಗೌರಾಬಾಯಿಯ ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ ಒಗ್ಯಾಣದ ಖೋಲಿಯ, ಹಿತ್ತಲಿಗೆ ತೆರೆಯುವ ಹಿಂಬಾಗಿಲಲ್ಲಿ ನಿಂತಳು.

ನಾನು ಏನೇನೋ ಹೇಳಬೇಕೆಂದು ಬೆಳಿಗ್ಗೆಯಿಂದ ಜೋಡಿಸಿಕೊಂಡಿದ್ದೆ, ಫರಸಿಯ ಮಾತು, ಇಳಿಜಾರಿನ ಮಾತು. ಬಾಯಿಂದ ಬಂದದ್ದು ಬೇರೆ.

"ಹನ್ನೊಂದು ವರ್ಷ ನೀ ಹೇಳಿದ್ದು ನಾ ಕಿವ್ಯಾಗ ಹಾಕ್ಕೊಳ್ಳಿಲ್ಲ. ಬಿದ್ದಾಗ ಕೂಗಿದ್ದೂ ಕೇಳ್ಳಿಲ್ಲ. ತಪ್ಪು ನಂದು."

ಇವಳು ಪೈಪು ಹಿಡಿದು ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು.

ನಾನು ಮುಂದಿನಿಂದ ಸುತ್ತಿ ಬಂದು ಪಡಸಾಲೆಯಲ್ಲಿ ನಿಂತೆ. ನೀಲಮ ಸರಬತ್ತಿನ ಗ್ಲಾಸು ಹಿಡಿದು ನಿಂತಿದ್ದಳು. ಒಳಗೆ ನೀರು ಸುರಿದ ಸದ್ದು. ಇಳಿಜಾರು ನೋಡುತ್ತಿದ್ದಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಗಡಿನ ಡಬ್ಬಿಯಲ್ಲಿ ಗುಂಡಿಗಳು ಕದಲಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೊರಗೆ ಲಖನ ಟೆಂಪೋ ಚಾಲೂ ಮಾಡಿದ, ಸಂಜೆಯ ಹಾಲಿಗೆ ಹೊತ್ತಾಗುತ್ತಿತ್ತು ಅವನಿಗೆ.

ಠಣ್.

ತಲೆಯ ಮೇಲೆ ಗಂಟೆ ಹೊಡೆಯಿತು. ಬಿದ್ದಳು ಎಂದು ಓಡಿದೆ. ಓಡುವಾಗಲೂ ಹಳೆಯ ರೂಢಿಗೆ ಕಿವಿ ಎರಡನೆಯದಕ್ಕೆ ಕಾಯುತ್ತಿತ್ತು. ಎರಡನೆಯದು ಬಿತ್ತೆಂದರೆ ಗಾಡಿ ಹೊರಟಿತೆಂದೇ ಲೆಕ್ಕ. ಬೀಳಲಿಲ್ಲ.

ಮನೆಯೊಳಗಿನಿಂದ ಖೋಲಿಯ ಬಾಗಿಲು ದೂಡಿದೆ. ಇವಳು ಕಟ್ಟೆಯ ಹತ್ತಿರ ನೆಟ್ಟಗೆ ನಿಂತಿದ್ದಳು. ಕಲ್ಲು ಮೊಣಕೈಗಿಂತ ಸರಿಯಾಗಿ ಗೇಣು ಕೆಳಗಿತ್ತು. ಎಡಗೈ ಕಲ್ಲಿನ ತಗ್ಗಿನಲ್ಲಿ, ಬಲಗೈಯಲ್ಲಿ ಹಗ್ಗ.

"ಬಿದ್ದಿಲ್ರಿ" ಎಂದಳು. "ನಾ ಇಲ್ಲೇ ಇಳೀತೀನಿ."

ನಾನು ಹೊರಗೆ ಹೋಗಿ ಲಖನನಿಗೆ ಗಾಡಿ ಬಂದ್ ಮಾಡಲು ಹೇಳಿ, ಟೆಂಪೋದಿಂದ ಇವಳ ಚೀಲ ಇಳಿಸಿದೆ.